ಓಡೋಮೀಟರ್ ತಿರುಚುವಿಕೆ

ಓಡೋಮೀಟರ್ ತಿರುಚುವಿಕೆ ಎಂದರೆ ಮೋಟಾರು ವಾಹನವೊಂದು ಕ್ರಮಿಸಿದ ಒಟ್ಟು ದೂರವನ್ನು ತೋರಿಸುವ ಮಾಪಕದ ಅಂಕಿಯನ್ನು ಉದ್ದೇಶಪೂರ್ವಕವಾಗಿ ಬದಲಿಸುವುದು, ಅದು ಏರದಂತೆ ತಡೆಯುವುದು ಅಥವಾ ಕಡಿಮೆ ಅಂಕಿಯುಳ್ಳ ಬೇರೆ ಮಾಪಕವನ್ನು ಅಳವಡಿಸುವುದು. ಬಳಸಿದ ವಾಹನವನ್ನು ಅದರ ನಿಜವಾದ ಮೌಲ್ಯಕ್ಕಿಂತ ಹೆಚ್ಚಿನ ಬೆಲೆಗೆ ಮಾರುವುದು ಇದರ ಮುಖ್ಯ ಉದ್ದೇಶವಾಗಿದೆ. ಆಡುಮಾತಿನಲ್ಲಿ ಇದನ್ನು ಮೀಟರ್ ತಿರುಗಿಸುವುದು, ಕಿಲೋಮೀಟರ್ ಇಳಿಸುವುದು ಎಂದೂ ಹೇಳುವುದುಂಟು. ಭಾರತದಲ್ಲಿ ಈ ಕೃತ್ಯಕ್ಕೆಂದೇ ಪ್ರತ್ಯೇಕ ಕಾನೂನು ಇಲ್ಲವಾದರೂ, ವಂಚನೆ, ಗ್ರಾಹಕ ಸಂರಕ್ಷಣೆ ಹಾಗೂ ಕರಾರಿಗೆ ಸಂಬಂಧಿಸಿದ ಕಾಯ್ದೆಗಳಡಿ ಮೋಸಹೋದವರಿಗೆ ಪರಿಹಾರದ ಮಾರ್ಗಗಳಿವೆ.

ಹಿನ್ನೆಲೆ

ವಾಹನ ಕ್ರಮಿಸಿದ ದೂರವನ್ನು ಅಳೆಯುವ ಕಲ್ಪನೆ ಪ್ರಾಚೀನವಾದುದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುತಜ್ಞ ವಿಟ್ರೂವಿಯಸ್, ಗಾಡಿಯ ಚಕ್ರ ನಿಗದಿತ ಸಂಖ್ಯೆಯ ಸುತ್ತುಗಳನ್ನು ಪೂರೈಸಿದಾಗ ಪೆಟ್ಟಿಗೆಯೊಳಕ್ಕೆ ಒಂದು ಕಲ್ಲು ಬೀಳುವಂತೆ ಮಾಡುವ ಸಾಧನವನ್ನು ವಿವರಿಸಿದ್ದಾನೆ. ಮೋಟಾರು ವಾಹನಗಳು ಬಂದ ಬಳಿಕ ಈ ಮಾಪಕ ವೇಗಮಾಪಕದೊಂದಿಗೆ ಸೇರಿ ಚಾಲಕನ ಎದುರಿನ ಫಲಕದಲ್ಲಿ ಸ್ಥಾನ ಪಡೆಯಿತು.

ಬಳಸಿದ ಕಾರಿನ ಬೆಲೆಯನ್ನು ನಿರ್ಧರಿಸುವ ಪ್ರಮುಖ ಅಂಶಗಳಲ್ಲಿ ತಯಾರಿಕಾ ವರ್ಷ, ಮಾದರಿ, ಮಾಲೀಕರ ಸಂಖ್ಯೆ ಮತ್ತು ಓಡಿದ ದೂರ ಸೇರಿವೆ. ಮೊದಲ ಮೂರು ವಿವರಗಳು ನೋಂದಣಿ ಪ್ರಮಾಣಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ದಾಖಲಾಗಿರುವುದರಿಂದ ಅವುಗಳನ್ನು ಮರೆಮಾಚುವುದು ಕಷ್ಟ. ಓಡಿದ ದೂರಕ್ಕೆ ಮಾತ್ರ ವಾಹನದೊಳಗಿನ ಮಾಪಕವೇ ಸಾಮಾನ್ಯವಾಗಿ ಏಕೈಕ ಸಾಕ್ಷಿ. ವಂಚನೆಗೆ ಈ ಅಂಕಿಯೇ ಗುರಿಯಾಗಲು ಇದು ಕಾರಣವಾಗಿದೆ.

ತಿರುಚುವ ವಿಧಾನಗಳು

ಯಾಂತ್ರಿಕ ಮಾಪಕಗಳು: ಹಳೆಯ ವಾಹನಗಳಲ್ಲಿ ಗೇರ್‌ಬಾಕ್ಸ್‌ನಿಂದ ಬರುವ ಕೇಬಲ್ ಒಂದು ಹಲ್ಲುಚಕ್ರಗಳ ಸರಣಿಯನ್ನು ತಿರುಗಿಸುತ್ತದೆ. ಅದರಿಂದ ಅಂಕಿಗಳನ್ನು ಮುದ್ರಿಸಿದ ಉರುಳೆಗಳು ಒಂದಾದ ಮೇಲೊಂದು ಚಲಿಸುತ್ತವೆ. ಕೇಬಲ್ ಕಳಚಿಟ್ಟು ವಾಹನ ಓಡಿಸುವುದು, ಕೇಬಲನ್ನು ಡ್ರಿಲ್ ಯಂತ್ರದಿಂದ ಹಿಮ್ಮುಖವಾಗಿ ತಿರುಗಿಸುವುದು, ಮಾಪಕವನ್ನು ಬಿಚ್ಚಿ ಉರುಳೆಗಳನ್ನು ಕೈಯಿಂದ ಹಿಂದಕ್ಕೆ ಸರಿಸುವುದು ಈ ಕಾಲದ ವಿಧಾನಗಳಾಗಿದ್ದವು. ಹೀಗೆ ಮಾಡಿದಾಗ ಅಂಕಿಗಳು ಒಂದೇ ಸಾಲಿನಲ್ಲಿ ನಿಲ್ಲದಿರುವುದು, ತಿರುಪುಗಳ ಮೇಲೆ ಗೀರುಗಳು ಉಳಿಯುವುದು ಸಾಮಾನ್ಯವಾಗಿತ್ತು. ಐದು ಅಂಕಿಗಳ ಮಾಪಕಗಳು 99,999 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತಿದ್ದುದರಿಂದ, ತಿರುಚದೆಯೇ ಒಂದು ಲಕ್ಷ ಕಿಲೋಮೀಟರನ್ನು ಮರೆಮಾಚಲು ಅವಕಾಶವಿತ್ತು.

ಡಿಜಿಟಲ್ ಮಾಪಕಗಳು: ಇಂದಿನ ವಾಹನಗಳಲ್ಲಿ ಚಕ್ರ ಅಥವಾ ಗೇರ್‌ಬಾಕ್ಸ್ ಬಳಿಯ ಸಂವೇದಕಗಳು ಕಳುಹಿಸುವ ಸಂಕೇತಗಳನ್ನು ಎಣಿಸಿ ದೂರವನ್ನು ಲೆಕ್ಕಹಾಕಲಾಗುತ್ತದೆ. ಈ ಅಂಕಿಯನ್ನು ಫಲಕದೊಳಗಿನ ಇಇಪ್ರಾಮ್ ಎಂಬ ಸ್ಮೃತಿ ಚಿಪ್ಪಿನಲ್ಲಿ ಸಂಗ್ರಹಿಸಿಡಲಾಗುತ್ತದೆ. ವಿದ್ಯುನ್ಮಾನ ಮಾಪಕಗಳು ಬಂದ ಮೇಲೆ ಮೋಸ ಕಡಿಮೆಯಾಗುತ್ತದೆ ಎಂಬ ನಿರೀಕ್ಷೆ ಈಡೇರಲಿಲ್ಲ. ವಾಹನದ ಒಬಿಡಿ ಸಂಪರ್ಕಕ್ಕೆ ಸಾಧನವೊಂದನ್ನು ಜೋಡಿಸಿ ಅಥವಾ ಚಿಪ್ಪನ್ನು ಹೊರತೆಗೆದು ಹೊಸ ಅಂಕಿಯನ್ನು ಬರೆಯಬಹುದು. ಈ ಕೆಲಸದಿಂದ ಯಾವ ಗೀರೂ ಉಳಿಯುವುದಿಲ್ಲ. ಅಪಘಾತಕ್ಕೀಡಾದ ಅಥವಾ ಗುಜರಿಗೆ ಬಂದ ವಾಹನದ ಕಡಿಮೆ ಅಂಕಿಯ ಫಲಕವನ್ನು ಅಳವಡಿಸುವುದು ಮತ್ತೊಂದು ವಿಧಾನ. ಸಂವೇದಕ ಮತ್ತು ಫಲಕದ ನಡುವೆ ಸಣ್ಣ ಸಾಧನವನ್ನು ಸೇರಿಸಿ, ವಾಹನ ಓಡುತ್ತಿದ್ದರೂ ಎಣಿಕೆ ನಿಲ್ಲುವಂತೆ ಅಥವಾ ನಿಧಾನವಾಗುವಂತೆ ಮಾಡುವುದೂ ಉಂಟು.

ಫಲಕ ಕೆಟ್ಟುಹೋಗಿ ಬದಲಾಯಿಸಬೇಕಾದ ಸಂದರ್ಭಗಳೂ ಇವೆ. ಹಳೆಯ ಅಂಕಿ, ಬದಲಾವಣೆಯ ದಿನಾಂಕ ಮತ್ತು ಬಿಲ್ಲನ್ನು ಉಳಿಸಿಕೊಂಡು ಖರೀದಿದಾರನಿಗೆ ತಿಳಿಸಿದಲ್ಲಿ ಅದು ವಂಚನೆಯಾಗುವುದಿಲ್ಲ.

ಪರಿಣಾಮಗಳು

ಖರೀದಿದಾರನಿಗೆ ಆಗುವ ನಷ್ಟ ಕೊಟ್ಟ ಹೆಚ್ಚುವರಿ ಬೆಲೆಗಷ್ಟೇ ಸೀಮಿತವಲ್ಲ. ವಾಹನದ ನಿರ್ವಹಣೆಯ ವೇಳಾಪಟ್ಟಿ ಓಡಿದ ದೂರವನ್ನು ಆಧರಿಸಿರುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ತಯಾರಕರು ಸೂಚಿಸಿದ ದೂರ ಮುಗಿಯುವ ಮುನ್ನ ಅದನ್ನು ಬದಲಿಸಬೇಕು. ಮಾಪಕದಲ್ಲಿ ಸುಳ್ಳು ಅಂಕಿ ಇದ್ದರೆ ಹೊಸ ಮಾಲೀಕ ಆ ಕಾಲ ಇನ್ನೂ ಬಂದಿಲ್ಲವೆಂದೇ ಭಾವಿಸುತ್ತಾನೆ. ಓಡುತ್ತಿರುವಾಗ ಬೆಲ್ಟ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬ್ರೇಕ್, ಕ್ಲಚ್, ಸಸ್ಪೆನ್ಶನ್ ಹಾಗೂ ಸ್ಟೀರಿಂಗ್ ಭಾಗಗಳ ಸವೆತವೂ ಹೀಗೆಯೇ ಗಮನಕ್ಕೆ ಬಾರದೆ ಉಳಿಯುವುದರಿಂದ, ತಿರುಚುವಿಕೆಯು ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆಯೂ ಆಗುತ್ತದೆ.

ಸಾಲ ಪಡೆದು ವಾಹನ ಕೊಂಡವರಲ್ಲಿ ಸಮಸ್ಯೆ ಇನ್ನೂ ತೀವ್ರ. ವಾಹನ ದುರಸ್ತಿಗೆ ನಿಂತರೂ ಕಂತು ನಿಲ್ಲುವುದಿಲ್ಲ. ಮರಳಿ ಮಾರಲು ಹೊರಟಾಗ ನಿಜಾಂಶ ಹೊರಬಿದ್ದರೆ ನಷ್ಟ ಕೊನೆಯ ಮಾಲೀಕನ ಪಾಲಿಗೆ ಬರುತ್ತದೆ. ತಿಳಿದೂ ಮುಚ್ಚಿಟ್ಟು ಮಾರಿದರೆ ಮೋಸಹೋದವನೇ ಮೋಸಗಾರನಾಗುತ್ತಾನೆ.

ಶಿಕಾರಿಪುರ ಮತ್ತು ಸೊರಬ ಪ್ರದೇಶ

ಶಿವಮೊಗ್ಗ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಾದ ಶಿಕಾರಿಪುರ ಮತ್ತು ಸೊರಬ, ಬಳಸಿದ ಕಾರುಗಳ ಖರೀದಿಯಲ್ಲಿ ಗ್ರಾಮೀಣ ಕರ್ನಾಟಕ ಎದುರಿಸುವ ತೊಡಕುಗಳಿಗೆ ಉದಾಹರಣೆಯಾಗಿವೆ. ಭತ್ತ, ಮೆಕ್ಕೆಜೋಳ, ಅಡಿಕೆ ಮತ್ತು ಶುಂಠಿ ಬೆಳೆಯುವ ಈ ಭಾಗದಲ್ಲಿ ಬೆಳೆಗಾರರ ಕೈಗೆ ಹಣ ಬರುವುದು ಸುಗ್ಗಿಯ ಬಳಿಕ ಒಮ್ಮೆಗೆ. ಒಂದು ವಾಹನಕ್ಕೆ ಹಾಕಿದ ಹಣ ಹಲವು ವರ್ಷಗಳ ಉಳಿತಾಯವಾಗಿರಬಹುದು. ಶಿರಾಳಕೊಪ್ಪ, ಆನವಟ್ಟಿಯಂತಹ ಊರುಗಳಿಂದ ಆಸ್ಪತ್ರೆ, ಕಾಲೇಜು ಮತ್ತು ಕಚೇರಿ ಕೆಲಸಗಳಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗುವುದರಿಂದ ಸ್ವಂತ ವಾಹನದ ಅಗತ್ಯವೂ ಇದೆ.

ಹೆಚ್ಚಿನ ಕಂಪನಿಗಳ ಅಧಿಕೃತ ಸೇವಾ ಕೇಂದ್ರಗಳು ಶಿವಮೊಗ್ಗದಂತಹ ನಗರಗಳಲ್ಲಿರುತ್ತವೆ. ಅಲ್ಲಿಗೆ ಶಿಕಾರಿಪುರದಿಂದ ಸುಮಾರು 50 ಕಿಲೋಮೀಟರ್ ದೂರವಿದ್ದು, ಸೊರಬ ಇನ್ನೂ ದೂರದಲ್ಲಿದೆ. ಆದ್ದರಿಂದ ವಾರಂಟಿ ಮುಗಿದ ವಾಹನಗಳು ಸ್ಥಳೀಯ ಗ್ಯಾರೇಜುಗಳಲ್ಲಿಯೇ ದುರಸ್ತಿಯಾಗುತ್ತವೆ. ಅಲ್ಲಿನ ಕೆಲಸಕ್ಕೆ ಗಣಕೀಕೃತ ದಾಖಲೆ ಇರುವುದು ಅಪರೂಪ. ಪರಿಣಾಮವಾಗಿ ಕಾರಿನ ಇತಿಹಾಸ ಕೆಲವು ವರ್ಷಗಳ ಬಳಿಕ ಕಡಿದುಹೋಗುತ್ತದೆ. ತಿರುಚಿದ ಅಂಕಿಯನ್ನು ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಬೆಂಗಳೂರು ಮೊದಲಾದ ದೊಡ್ಡ ನಗರಗಳಿಂದ ಕೊಂಡು ತಂದ ವಾಹನಗಳ ಹಿಂದಿನ ಬಳಕೆಯ ಬಗ್ಗೆ ಸ್ಥಳೀಯರಿಂದ ವಿಚಾರಿಸಿ ತಿಳಿಯುವ ದಾರಿಯೂ ಇರುವುದಿಲ್ಲ.

ಈ ಭಾಗದ ದೂರಗಳ ಲೆಕ್ಕವೇ ಕೆಲವೊಮ್ಮೆ ಸತ್ಯವನ್ನು ಹೊರಗೆಡಹುತ್ತದೆ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ನಿತ್ಯ ಹೋಗಿಬರುವ ಕಾರು ದಿನಕ್ಕೆ ಸುಮಾರು 100 ಕಿಲೋಮೀಟರ್ ಓಡುತ್ತದೆ. ವರ್ಷಕ್ಕೆ 300 ದಿನಗಳೆಂದು ಹಿಡಿದರೂ ಅದು 30,000 ಕಿಲೋಮೀಟರ್ ಆಗುತ್ತದೆ, ಐದು ವರ್ಷಗಳಿಗೆ 1,50,000. ಇಂತಹ ಬಳಕೆಯಲ್ಲಿದ್ದ ಕಾರಿನ ಮಾಪಕ ಐದು ವರ್ಷಗಳ ನಂತರ 55,000 ತೋರಿಸಿದರೆ ಅದಕ್ಕೆ ವಿವರಣೆ ಬೇಕಾಗುತ್ತದೆ. ವ್ಯತಿರಿಕ್ತವಾಗಿ, ತೋಟದ ಮನೆಯಿಂದ ಪೇಟೆಗೆ ಮಾತ್ರ ಓಡಿದ ಕಾರಿನ ಅಂಕಿ ಕಡಿಮೆಯಿರುವುದು ಸಹಜ. ಅಂಕಿ ಕಡಿಮೆಯಿದೆ ಎಂಬುದಷ್ಟೇ ತಿರುಚುವಿಕೆಗೆ ಪುರಾವೆಯಾಗದು. ಅಂಕಿ, ಬಳಕೆ ಮತ್ತು ಸವೆತ ಇವುಗಳ ನಡುವಿನ ಹೊಂದಾಣಿಕೆಯೇ ಮುಖ್ಯ.

ಪತ್ತೆಹಚ್ಚುವ ಬಗೆ

ದಾಖಲೆಗಳ ಪರಿಶೀಲನೆ: ಅಧಿಕೃತ ಸೇವಾ ಕೇಂದ್ರಗಳಲ್ಲಿ ಪ್ರತಿ ಬಾರಿ ಸರ್ವೀಸ್ ಮಾಡಿಸಿದಾಗಲೂ ಅಂದಿನ ಕಿಲೋಮೀಟರನ್ನು ಜಾಬ್ ಕಾರ್ಡ್‌ನಲ್ಲಿ ಬರೆಯಲಾಗುತ್ತದೆ. ಈ ಅಂಕಿಗಳನ್ನು ದಿನಾಂಕದ ಕ್ರಮದಲ್ಲಿ ಇಟ್ಟು ನೋಡಿದಾಗ ಅವು ಏರುತ್ತಲೇ ಹೋಗಬೇಕು. ಎಲ್ಲಿಯಾದರೂ ಇಳಿದಿದ್ದರೆ ಅದು ತಿರುಚುವಿಕೆಯ ಬಲವಾದ ಸುಳಿವು. ಮಾಲೀಕನ ಒಪ್ಪಿಗೆಯೊಂದಿಗೆ ಸೇವಾ ಕೇಂದ್ರದಿಂದ ಸರ್ವೀಸ್ ಇತಿಹಾಸವನ್ನು ಪಡೆಯುವುದು ಅತ್ಯಂತ ವಿಶ್ವಾಸಾರ್ಹ ಕ್ರಮವೆನಿಸಿದೆ. ಅಪಘಾತ ಪರಿಹಾರ ಕೋರಿದಾಗ ವಿಮಾ ಸರ್ವೇಯರ್ ಸಿದ್ಧಪಡಿಸುವ ವರದಿ, ಟೈರ್ ಮತ್ತು ಬ್ಯಾಟರಿ ಬಿಲ್ಲುಗಳು, ಎಂಜಿನ್ ಆಯಿಲ್ ಬದಲಿಸಿದಾಗ ಅಂಟಿಸುವ ಚೀಟಿ ಇವುಗಳಲ್ಲಿಯೂ ಕಿಲೋಮೀಟರ್ ನಮೂದಾಗಿರುವ ಸಾಧ್ಯತೆಯಿದೆ.

ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ದಿನಾಂಕ, ವಾಹನದ ವರ್ಗ, ವಿಮೆಯ ಅವಧಿ ಮೊದಲಾದ ವಿವರಗಳು ದೊರೆಯುತ್ತವೆ. ಬಾಡಿಗೆಗೆ ಓಡಿದ ಹಳದಿ ಫಲಕದ ವಾಹನವನ್ನು ಖಾಸಗಿ ವರ್ಗಕ್ಕೆ ಬದಲಾಯಿಸಿ ಮಾರುವುದು ಕಾನೂನುಬದ್ಧವೇ ಆದರೂ, ಅಂತಹ ವಾಹನಗಳು ಸಾಮಾನ್ಯವಾಗಿ ಬಹಳ ದೂರ ಓಡಿರುತ್ತವೆ. ಶಿವಮೊಗ್ಗದ ಕೆಎ-14 ಅಥವಾ ಸಾಗರದ ಕೆಎ-15 ಬಿಟ್ಟು ಬೇರೆ ಕಚೇರಿಯಲ್ಲಿ ಮೊದಲು ನೋಂದಣಿಯಾದ ವಾಹನವಿದ್ದರೆ, ಅದರ ಹಿಂದಿನ ಬಳಕೆಯನ್ನು ಆಯಾ ಊರಿನ ದಾಖಲೆಗಳಿಂದಲೇ ತಿಳಿಯಬೇಕಾಗುತ್ತದೆ.

ಭೌತಿಕ ಲಕ್ಷಣಗಳು: ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳ ರಬ್ಬರ್, ಸ್ಟೀರಿಂಗ್ ಚಕ್ರ, ಗೇರ್ ಹಿಡಿಕೆ, ಚಾಲಕನ ಆಸನದ ಬಾಗಿಲ ಬದಿಯ ಅಂಚು ಇವು ಬಳಕೆಗೆ ತಕ್ಕಂತೆ ಸವೆಯುತ್ತವೆ. 30,000 ಕಿಲೋಮೀಟರ್ ಎಂದು ತೋರಿಸುವ ಕಾರಿನಲ್ಲಿ ಪೆಡಲ್ ರಬ್ಬರ್ ನುಣುಪಾಗಿದ್ದರೆ ಅಥವಾ ಎಲ್ಲವೂ ಹೊಸದಾಗಿ ಬದಲಾಗಿದ್ದರೆ ಸಂಶಯಕ್ಕೆ ಎಡೆಯಿದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದರ ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. ಉದಾಹರಣೆಗೆ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಅಲ್ಪ ದೂರ ಓಡಿದೆಯೆಂದು ಹೇಳುವ ಕಾರಿನ ನಾಲ್ಕೂ ಟೈರುಗಳು ಕಾರಿಗಿಂತ ಬಹಳ ಹೊಸವಾಗಿದ್ದರೆ, ಮೂಲ ಟೈರುಗಳು ಏಕೆ ಸವೆದವು ಎಂಬ ಪ್ರಶ್ನೆ ಏಳುತ್ತದೆ.

ವಿದ್ಯುನ್ಮಾನ ತಪಾಸಣೆ: ಅನೇಕ ವಾಹನಗಳಲ್ಲಿ ಓಡಿದ ದೂರ ಫಲಕದಲ್ಲಿ ಮಾತ್ರವಲ್ಲದೆ ಎಂಜಿನ್, ಎಬಿಎಸ್, ಏರ್‌ಬ್ಯಾಗ್ ಅಥವಾ ಗೇರ್‌ಬಾಕ್ಸ್ ನಿಯಂತ್ರಕಗಳಲ್ಲಿಯೂ ದಾಖಲಾಗುತ್ತದೆ. ಫಲಕದ ಅಂಕಿಯನ್ನಷ್ಟೇ ಬದಲಿಸಿದ್ದರೆ, ಸ್ಕ್ಯಾನರ್ ಜೋಡಿಸಿದಾಗ ಇತರ ನಿಯಂತ್ರಕಗಳು ಬೇರೆಯದೇ ಅಂಕಿಯನ್ನು ತೋರಿಸುತ್ತವೆ. ಕೆಲವು ವಾಹನಗಳಲ್ಲಿ ಎಂಜಿನ್ ಓಡಿದ ಒಟ್ಟು ಗಂಟೆಗಳೂ ಸಿಗುತ್ತವೆ. 40,000 ಕಿಲೋಮೀಟರ್ ಎಂದು ತೋರಿಸುವ ಕಾರಿನ ಎಂಜಿನ್ 3,200 ಗಂಟೆ ಓಡಿದ್ದರೆ ಅದರ ಸರಾಸರಿ ವೇಗ ಗಂಟೆಗೆ 12.5 ಕಿಲೋಮೀಟರ್ ಆಗುತ್ತದೆ. ಹೆದ್ದಾರಿ ಮತ್ತು ಹಳ್ಳಿಯ ರಸ್ತೆಗಳಲ್ಲಿ ಓಡಿದ ಕಾರಿಗೆ ಇದು ಹೊಂದುವುದಿಲ್ಲ. ಆದರೆ ಎಲ್ಲ ನಿಯಂತ್ರಕಗಳ ಅಂಕಿಗಳನ್ನೂ ಬದಲಿಸಿರುವ ಸಾಧ್ಯತೆ ಇರುವುದರಿಂದ, ಸ್ಕ್ಯಾನರ್‌ನಲ್ಲಿ ವ್ಯತ್ಯಾಸ ಕಾಣದಿದ್ದರೂ ಮಾಪಕ ಸಾಚಾ ಎಂದು ಖಚಿತವಾಗಿ ಹೇಳಲಾಗದು.

ಭಾರತದಲ್ಲಿ ಕಾನೂನು

ಮೋಟಾರು ವಾಹನ ಕಾನೂನು: ಮೋಟಾರು ವಾಹನಗಳ ಕಾಯ್ದೆ, 1988 ವಾಹನದ ನೋಂದಣಿ ಮತ್ತು ಮಾಲೀಕತ್ವ ವರ್ಗಾವಣೆಯನ್ನು ನಿಯಂತ್ರಿಸುತ್ತದೆ. ವರ್ಗಾವಣೆಗೆ ನಮೂನೆ 29 ಮತ್ತು 30ನ್ನು ಸಲ್ಲಿಸಬೇಕು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು, 1989ಕ್ಕೆ ತಿದ್ದುಪಡಿ ತಂದು, ಬಳಸಿದ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆಯುವ ವ್ಯವಸ್ಥೆಯನ್ನು ರೂಪಿಸಿತು. ಇದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇದರಂತೆ ಮಾಲೀಕನು ವಾಹನವನ್ನು ವ್ಯಾಪಾರಿಗೆ ಒಪ್ಪಿಸಿದುದನ್ನು ನಮೂನೆ 29ಸಿ ಮೂಲಕ ತಿಳಿಸಬೇಕು. ತನ್ನ ವಶದಲ್ಲಿರುವಾಗ ವಾಹನ ಓಡಿದ ಉದ್ದೇಶ, ಚಾಲಕ, ಸಮಯ ಮತ್ತು ಕಿಲೋಮೀಟರ್ ವಿವರಗಳನ್ನು ವ್ಯಾಪಾರಿ ವಿದ್ಯುನ್ಮಾನ ವಹಿಯಲ್ಲಿ ದಾಖಲಿಸಬೇಕು.

ಗ್ರಾಹಕ ಸಂರಕ್ಷಣೆ: ವ್ಯಾಪಾರಿಯಿಂದ ಸ್ವಂತ ಬಳಕೆಗೆ ಕಾರು ಕೊಂಡವನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ದೂರು ನೀಡಬಹುದು. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದು ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರನ್ನು ಜಿಲ್ಲಾ ಆಯೋಗ ವಿಚಾರಿಸುತ್ತದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರಿಗೆ ಕಾರಣವುಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು.

1986ರ ಹಿಂದಿನ ಕಾಯ್ದೆಯಲ್ಲಿ ಎದುರುದಾರನು ಇರುವ ಅಥವಾ ವ್ಯವಹಾರ ನಡೆಸುವ ಕಡೆ, ಇಲ್ಲವೇ ದೂರಿನ ಕಾರಣ ಉಂಟಾದ ಕಡೆ ದೂರು ನೀಡಬೇಕಿತ್ತು. 2019ರ ಕಾಯ್ದೆಯು ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೂ ದೂರು ಸಲ್ಲಿಸಲು ಅವಕಾಶ ನೀಡಿತು. ಬೆಂಗಳೂರಿನ ವ್ಯಾಪಾರಿಯಿಂದ ಕಾರು ಕೊಂಡ ಸೊರಬದ ಅಥವಾ ಶಿಕಾರಿಪುರದ ನಿವಾಸಿಯು ಶಿವಮೊಗ್ಗದ ಜಿಲ್ಲಾ ಆಯೋಗದಲ್ಲಿಯೇ ದೂರು ದಾಖಲಿಸಬಹುದಾಗಿದೆ. ಅಂತರ್ಜಾಲದ ಮೂಲಕ ಸಲ್ಲಿಸುವ ವ್ಯವಸ್ಥೆಯೂ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕರಾರು ಮತ್ತು ಸಿವಿಲ್ ಪರಿಹಾರ: ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡಾಗ ಗ್ರಾಹಕ ಆಯೋಗದ ಮಾರ್ಗ ಸಾಮಾನ್ಯವಾಗಿ ಅನ್ವಯಿಸದು. ಆಗ ಭಾರತೀಯ ಕರಾರು ಕಾಯ್ದೆ, 1872 ನೆರವಿಗೆ ಬರುತ್ತದೆ. ವಂಚನೆಯಿಂದ ಒಪ್ಪಿಗೆ ಪಡೆದ ಕರಾರನ್ನು ಮೋಸಹೋದ ಪಕ್ಷದ ಇಚ್ಛೆಯಂತೆ ರದ್ದುಪಡಿಸಬಹುದೆಂದು ಅದರ 19ನೆಯ ಕಲಂ ಹೇಳುತ್ತದೆ. ಲಿಮಿಟೇಶನ್ ಕಾಯ್ದೆ, 1963ರ 17ನೆಯ ಕಲಂ ಪ್ರಕಾರ ವಂಚನೆಯ ಆಧಾರದ ದಾವೆಗಳಲ್ಲಿ ಕಾಲಮಿತಿಯು ವಂಚನೆ ತಿಳಿದುಬಂದ ಅಥವಾ ಸೂಕ್ತ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ದಿನದಿಂದ ಆರಂಭವಾಗುತ್ತದೆ. ಶಿಕಾರಿಪುರ ಮತ್ತು ಸೊರಬ ಎರಡೂ ಪಟ್ಟಣಗಳಲ್ಲಿ ಸಿವಿಲ್ ನ್ಯಾಯಾಲಯಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ನಿಗದಿತ ಆದಾಯಮಿತಿಯೊಳಗಿನವರು ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರಂತೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಉಚಿತ ಕಾನೂನು ನೆರವಿಗೆ ಅರ್ಹರು.

ಅಪರಾಧ ಕಾನೂನು: ಅಂಕಿ ಸುಳ್ಳೆಂದು ತಿಳಿದೂ ಅದನ್ನು ನಿಜವೆಂದು ನಂಬಿಸಿ ಹಣ ಪಡೆಯುವುದು ವಂಚನೆಯ ಅಪರಾಧವಾಗಬಹುದು. ಭಾರತೀಯ ನ್ಯಾಯ ಸಂಹಿತೆ, 2023ರ 318(4)ನೆಯ ಕಲಂ ಇದಕ್ಕೆ 7 ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. 2024ರ ಜುಲೈ 1ಕ್ಕೆ ಮುನ್ನ ನಡೆದ ಕೃತ್ಯಗಳಿಗೆ ಭಾರತೀಯ ದಂಡ ಸಂಹಿತೆಯ 420ನೆಯ ಕಲಂ ಅನ್ವಯಿಸುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿದ್ದರೂ ಮಾಹಿತಿಯನ್ನು ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಬಹುದು.

ಸಾಕ್ಷ್ಯದ ಸಮಸ್ಯೆ

ಇಂತಹ ಪ್ರಕರಣಗಳಲ್ಲಿ ತಿರುಚುವಿಕೆ ನಡೆದಿದೆ ಎಂದು ತೋರಿಸುವುದಕ್ಕಿಂತ, ಅದನ್ನು ಯಾರು, ಯಾವಾಗ ಮಾಡಿದರು ಎಂದು ಸಾಬೀತುಪಡಿಸುವುದು ಕಷ್ಟ. ವಾಹನ ಮೂರು ನಾಲ್ಕು ಕೈ ಬದಲಾಗಿದ್ದರೆ ಕೊನೆಯ ಮಾರಾಟಗಾರ ತನಗೆ ತಿಳಿದೇ ಇರಲಿಲ್ಲ ಎನ್ನಬಹುದು. ಮಾರಾಟದ ವೇಳೆ ಹೇಳಿದ ಕಿಲೋಮೀಟರ್ ಎಷ್ಟೆಂಬುದು ಕೇವಲ ಮಾತಿನಲ್ಲಿದ್ದರೆ ವಿವಾದ ಇನ್ನಷ್ಟು ಜಟಿಲವಾಗುತ್ತದೆ.

ಈ ಕಾರಣದಿಂದ ಮಾರಾಟ ಪತ್ರದಲ್ಲಿ ಅಥವಾ ಡೆಲಿವರಿ ನೋಟ್‌ನಲ್ಲಿ ಅಂದಿನ ಓಡೋಮೀಟರ್ ಅಂಕಿಯನ್ನು ಬರೆದು ಇಬ್ಬರೂ ಸಹಿ ಹಾಕುವುದು, ಫಲಕದ ಛಾಯಾಚಿತ್ರ, ಜಾಹೀರಾತಿನ ಪ್ರತಿ, ವಾಟ್ಸ್‌ಆ್ಯಪ್ ಸಂದೇಶಗಳು ಮತ್ತು ಬ್ಯಾಂಕ್ ಮೂಲಕ ಹಣ ಪಾವತಿಸಿದ ದಾಖಲೆಗಳನ್ನು ಉಳಿಸಿಕೊಳ್ಳುವುದು ಮಹತ್ವ ಪಡೆಯುತ್ತದೆ. ತಿರುಚುವಿಕೆ ಗೊತ್ತಾದ ಮೇಲೆ ಫಲಕವನ್ನು ಬಿಚ್ಚಿಸದೆ ಅಥವಾ ಬದಲಿಸದೆ, ಅಧಿಕೃತ ಸೇವಾ ಕೇಂದ್ರದಿಂದ ಲಿಖಿತ ವರದಿ ಪಡೆದು ಮಾರಾಟಗಾರನಿಗೆ ನೋಟಿಸ್ ಕಳುಹಿಸುವುದು ರೂಢಿಯಲ್ಲಿದೆ. ವಿದ್ಯುನ್ಮಾನ ದಾಖಲೆಗಳನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಂ ಅಡಿ ಪ್ರಮಾಣಪತ್ರ ಅಗತ್ಯವಾಗುತ್ತದೆ.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನವು 1972ರ ಫೆಡರಲ್ ಕಾಯ್ದೆಯ ಮೂಲಕ ಓಡೋಮೀಟರ್ ತಿರುಚುವಿಕೆಯನ್ನು ನಿಷೇಧಿಸಿತು. 1986ರ ಟ್ರೂತ್ ಇನ್ ಮೈಲೇಜ್ ಕಾಯ್ದೆಯು ಮಾಲೀಕತ್ವ ವರ್ಗಾವಣೆಯ ದಾಖಲೆಯಲ್ಲಿಯೇ ಅಂಕಿಯನ್ನು ಬರೆಯುವುದನ್ನು ಬಿಗಿಗೊಳಿಸಿತು. ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಅಂದಾಜಿನಂತೆ ವರ್ಷಕ್ಕೆ 4,50,000ಕ್ಕೂ ಹೆಚ್ಚು ವಾಹನಗಳು ಸುಳ್ಳು ಅಂಕಿಯೊಂದಿಗೆ ಮಾರಾಟವಾಗುತ್ತವೆ. 1987ರಲ್ಲಿ ಕ್ರೈಸ್ಲರ್ ಕಂಪನಿಯ ವಿರುದ್ಧ, ಅಧಿಕಾರಿಗಳು ಓಡೋಮೀಟರ್ ಕಳಚಿ ಓಡಿಸಿದ ಕಾರುಗಳನ್ನು ಹೊಸವೆಂದು ಮಾರಿದ ಆರೋಪ ದಾಖಲಾಯಿತು. ಅಂದಿನ ಅಧ್ಯಕ್ಷ ಲೀ ಅಯಕೋಕ ಸಾರ್ವಜನಿಕವಾಗಿ ಕ್ಷಮೆ ಕೇಳಿದರು.

ಬೆಲ್ಜಿಯಂನಲ್ಲಿ 2006ರಿಂದ ಕಾರ್‌ಪಾಸ್ ಎಂಬ ದಾಖಲೆ ಜಾರಿಯಲ್ಲಿದೆ. ಗ್ಯಾರೇಜುಗಳು ಪ್ರತಿ ಬಾರಿಯ ಅಂಕಿಯನ್ನು ಕೇಂದ್ರ ದತ್ತಾಂಶಕ್ಕೆ ಕಳುಹಿಸುತ್ತವೆ ಮತ್ತು ಬಳಸಿದ ಕಾರನ್ನು ಮಾರುವವರು ಆ ಇತಿಹಾಸವನ್ನು ಖರೀದಿದಾರನಿಗೆ ನೀಡಬೇಕು. ನೆದರ್‌ಲೆಂಡ್ಸ್‌ನಲ್ಲಿಯೂ ಇಂತಹುದೇ ವ್ಯವಸ್ಥೆಯಿದೆ. ಜರ್ಮನಿಯು 2005ರಲ್ಲಿ ಮಾಪಕ ತಿರುಚುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಬ್ರಿಟನ್ನಿನ ಎಂಒಟಿ ತಪಾಸಣೆಯಲ್ಲಿ ದಾಖಲಾದ ಅಂಕಿಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು.

ಈ ದೇಶಗಳ ಅನುಭವದಲ್ಲಿ ಸಾಮಾನ್ಯವಾಗಿರುವ ಅಂಶವೆಂದರೆ, ಅಂಕಿಯು ವಾಹನದ ಹೊರಗೂ ನಿಯತವಾಗಿ ದಾಖಲಾಗುವುದು. ಭಾರತದಲ್ಲಿ ಖಾಸಗಿ ಕಾರುಗಳಿಗೆ ಇಂತಹ ಸಾರ್ವಜನಿಕ ಓಡೋಮೀಟರ್ ಇತಿಹಾಸ ಇಲ್ಲದಿರುವುದರಿಂದ, ಸರ್ವೀಸ್ ದಾಖಲೆ ಮತ್ತು ಖರೀದಿಗೆ ಮುಂಚಿನ ತಪಾಸಣೆಗಳೇ ಖರೀದಿದಾರನ ಪ್ರಮುಖ ಆಧಾರವಾಗಿವೆ.